ಒಟ್ಟಿಗೆ ನಿಲ್ಲಿಸುವ ಪಾಠ

ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಹೋದರೆ ಪೆನ್ನು ಬರೆಯಲಿಲ್ಲ. ಅಂಚಿನಲ್ಲಿ ಎರಡು ಸಲ ಗೀಚಿ ನೋಡಿದಳು, ಕಾಗದ ಹರಿಯುವ ಹಾಗಾಯಿತೇ ಹೊರತು ಶಾಯಿ ಇಳಿಯಲಿಲ್ಲ. ಹಿಂದೆ ಸರದಿಯಲ್ಲಿ ನಿಂತಿದ್ದ ಗಣಿತದ ಮೇಷ್ಟ್ರು ಜೇಬಿನಿಂದ ತಮ್ಮ ಪೆನ್ನು ತೆಗೆದು ಚಾಚಿದರು. "ತಗೊಳ್ಳಿ ಮೇಡಂ, ನೀವೇ ಗೈರುಹಾಜರಾದ್ರೆ ಹೇಗೆ? ನೀವು ಸರಿಗಮ ಅಂದ ತಕ್ಷಣ ಹುಡುಗೀರು ಒಬ್ಬರ ಜಡೆ ಒಬ್ಬರು ಬಿಟ್ಟು ಕೈ ಕೈ ಹಿಡ್ಕೋತಾರಂತಲ್ಲ." ಸ್ಟಾಫ್ ರೂಮಿನಲ್ಲಿ ಮೂರ್ನಾಲ್ಕು ಜನ ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಮಾತು ತಾಗಿತೆಂದು ಅವರಿಗೆ ಗೊತ್ತಾಗುತ್ತದೆ. ಈ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಂಗೀತದ ಟೀಚರಾಗಿ ಬಂದ ಇಪ್ಪತ್ತೆರಡು ವರ್ಷದಿಂದ ಅವಳು ಹೀಗೆ ತಾಗದವಳ ಹಾಗೆ ನಗುತ್ತಲೇ ಬಂದಿದ್ದಳು. ಸಹಿಯ ಕೊನೆಯ ಗೆರೆ ಎಳೆಯುವಾಗ ಕೈ ತಡೆಯಿತು. ಐದು ವಾರದ ಹಿಂದೆ ಒಂದು ಬಿಳಿ ಹಾಳೆಯ ಕೆಳಗೂ ಇದೇ ಸಹಿ, ಇದೇ ಬಾಲ. 'ಘಟನೆಯ ಸಮಯದಲ್ಲಿ ನಾನು ಸಂಗೀತದ ಕೋಣೆಯಲ್ಲಿ ಹಾರ್ಮೋನಿಯಂ ಅಭ್ಯಾಸ ಮಾಡುತ್ತಿದ್ದು, ಹೊರಗಿನ ಯಾವುದೇ ಶಬ್ದ ನನಗೆ ಕೇಳಿಸಿರುವುದಿಲ್ಲ.' ಆ ವಾಕ್ಯವನ್ನು ಹೇಳಿಕೊಟ್ಟವನು ಕಚೇರಿಯ ಗುಮಾಸ್ತ. 'ಕೇಳಿಸಿರುವುದಿಲ್ಲ' ಎನ್ನುವ ಪದ ಅವಳದಲ್ಲ. ಅವಳಾಗಿದ್ದರೆ 'ಕೇಳಿಸಲಿಲ್ಲ' ಎಂದು ಬರೆಯುತ್ತಿದ್ದಳು. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡು, ಸುಳ್ಳು ಪೂರ್ತಿ ತನ್ನದಲ್ಲ ಎಂದು ಐದು ವಾರ ಸಮಾಧಾನ ಮಾಡಿಕೊಂಡದ್ದು ನೆನಪಾಗಿ ಪೆನ್ನನ್ನು ಅವಸರದಲ್ಲಿ ಹಿಂದಿರುಗಿಸಿದಳು. ಥ್ಯಾಂಕ್ಸ್ ಹೇಳುವುದನ್ನು ಮರೆತಳು. ಅದಕ್ಕೂ ಅವರು ನಕ್ಕರು.

ಹೋದ ವರ್ಷ ಊರಾಚೆಯ ಶಾಲೆಯೊಂದನ್ನು ಮುಚ್ಚಿ ಅಲ್ಲಿನ ನೂರಿಪ್ಪತ್ತು ಹುಡುಗಿಯರನ್ನು ಇಲ್ಲಿಗೆ ತಂದು ಸೇರಿಸಿದ್ದರು. ಬೆಂಚು ಸಾಲಲಿಲ್ಲ, ನಲ್ಲಿ ಸಾಲಲಿಲ್ಲ, ಶೌಚಾಲಯವಂತೂ ಕೇಳುವುದೇ ಬೇಡ. ಇಲ್ಲಿದ್ದವರು ಬಂದವರನ್ನು 'ವಲಸೆ' ಎಂದು ಕರೆದರು. ಬಂದವರು ಇವರಿಗೆ 'ಮಾಲೀಕರು' ಎಂದು ಹೆಸರಿಟ್ಟರು. ಮೊದಲು ಪುಸ್ತಕ ಹರಿದವು, ಆಮೇಲೆ ಜಡೆಗಳು ಕೈಗೆ ಬಂದವು, ಆಮೇಲೆ ಒಬ್ಬಳ ಚೀಲದಲ್ಲಿ ಕಂಪಾಸಿನ ಮೊನೆಯನ್ನು ಉಜ್ಜಿ ಚೂಪು ಮಾಡಿದ್ದು ಸಿಕ್ಕಿತು. ಐದು ವಾರದ ಹಿಂದಿನ ಮಂಗಳವಾರ ಮಧ್ಯಾಹ್ನ, ಸಂಗೀತದ ಕೋಣೆಯ ಹಿಂದೆ ನೀರಿನ ಟ್ಯಾಂಕಿನ ಮರೆಯಲ್ಲಿ, ಒಂಬತ್ತನೇ ಕ್ಲಾಸಿನ ಒಬ್ಬ ವಲಸೆ ಹುಡುಗಿಯನ್ನು ನಾಲ್ವರು ಸೇರಿ ಹೊಡೆದಿದ್ದರು. ಉದ್ದಕ್ಕೆ ಸಣಕಲಾಗಿದ್ದ ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಹೊಡೆದವರ ಮುಂದಾಳನ್ನು ಬಾಸ್ ಎನ್ನುತ್ತಿದ್ದರು. ನಲ್ಲಿಯ ಸಾಲಿನಲ್ಲಿ ಕಡ್ಡಿ ತನ್ನ ಬಾಟಲಿಯನ್ನು ಮುಂದೆ ಇಟ್ಟಳಂತೆ, ಕಾರಣ ಅಷ್ಟೇ. ಎಡಗಿವಿಯ ತಮಟೆ ಹರಿಯಿತು. ನೋಡಿದವರು ಯಾರೂ ಇಲ್ಲ, ಕೇಳಿದವರು ಯಾರೂ ಇಲ್ಲ, ಆದ್ದರಿಂದ ಫೈಲಿನಲ್ಲಿ 'ಪರಸ್ಪರ ಹೊಡೆದಾಟ, ಆರಂಭಿಸಿದವರು ಯಾರೆಂದು ತಿಳಿದುಬಂದಿಲ್ಲ' ಎಂದಾಯಿತು. ಐವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಂದು ವಾರ ಮನೆಗೆ ಕಳಿಸಿದರು. ಹೊಡೆಸಿಕೊಂಡವಳ ವರ್ತನೆ ಪುಸ್ತಕದಲ್ಲೂ ಕೆಂಪು ಶಾಯಿ ಬಿತ್ತು.

ಕೇಳಿದವರು ಯಾರೂ ಇಲ್ಲ. ಮೆಟ್ಟಿಲು ಹತ್ತುವಾಗ, ಮನೆಯಲ್ಲಿ ಪಾತ್ರೆ ತಿಕ್ಕುವಾಗ, ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಆ ಮಾತು ನಾಲಿಗೆಯ ಮೇಲೆ ತಾನಾಗಿಯೇ ಬಂದು ಕೂರುತ್ತಿತ್ತು. ಮೊದಲು ಕೇಳಿಸಿದ್ದು ಚಪ್ಪಲಿಗಳ ಸರಸರ. ಆಮೇಲೆ ನಗು. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬೀಸಿದಂಥ ಸದ್ದು, ಮತ್ತೆ ಅದೇ ಸದ್ದು, "ಬಿಡ್ರೇ" ಎಂದ ಒಂದು ದನಿ. ಅವಳ ಎಡಗೈ ಹಾರ್ಮೋನಿಯಮ್ಮಿನ ತಿದಿಯ ಮೇಲೆ ನಿಂತಿತು. ಎದ್ದಳು. ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟಳು ಕೂಡ. ಚಿಲಕ ತಣ್ಣಗಿತ್ತು. ಹೋದ ವರ್ಷ ಇಂಥದೇ ಒಂದು ಜಗಳ ಬಿಡಿಸಲು ಕಾರಿಡಾರಿಗೆ ನುಗ್ಗಿದ್ದಳು, ಯಾರೋ ತಳ್ಳಿದರು, ಸೀರೆ ಕಾಲಿಗೆ ಸಿಕ್ಕಿ ಅಷ್ಟುದ್ದಕ್ಕೂ ಬಿದ್ದಳು. ಬಿದ್ದ ಪೆಟ್ಟಿಗಿಂತ, ಎರಡೂ ಕಡೆಯ ಹುಡುಗಿಯರು ಜಗಳ ಮರೆತು ಒಂದಾಗಿ ನಕ್ಕದ್ದು ಹೆಚ್ಚು ನೋಯಿಸಿತ್ತು. ಅದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಒಂದು ವಾರ ಅವಳು ಎಲ್ಲರ ಅಂಗೈಯಲ್ಲೂ ಬೀಳುತ್ತಲೇ ಇದ್ದಳು. ಚಿಲಕದಿಂದ ಕೈ ತೆಗೆದು ವಾಪಸು ಬಂದು ಕೂತಳು. ನುಡಿಸಿದಳು. ತನಗೇ ಹೊರಗಿನದು ಕೇಳಿಸದಷ್ಟು ಜೋರಾಗಿ ನುಡಿಸಿದಳು. ನೀನು ಹಾಡ್ತಾ ಇರು, ನಿಲ್ಲಿಸಬೇಡ, ಎನ್ನುತ್ತಿದ್ದಳು ಅಮ್ಮ, ಚಿಕ್ಕಂದಿನಲ್ಲಿ, ನಡುಮನೆಯ ದೀಪದ ಕೆಳಗೆ ಅವಳನ್ನು ಕೂರಿಸಿ. ಒಳಗಿನ ಕೋಣೆಯ ಬಾಗಿಲು ಹಾಕಿರುತ್ತಿತ್ತು, ಅಪ್ಪ ಸೊಂಟದ ಬೆಲ್ಟು ಬಿಚ್ಚಿರುತ್ತಿದ್ದ, ಅಣ್ಣ ಏನೋ ತಪ್ಪು ಮಾಡಿರುತ್ತಿದ್ದ. ಅಕ್ಕಪಕ್ಕದವರಿಗೆ ಕೇಳಿಸಿದರೆ ಮರ್ಯಾದೆ ಹೋಗುತ್ತೆ, ಹಾಡು. ಅವಳು ಹಾಡುತ್ತಿದ್ದಳು. ಎಂಟು ವರ್ಷದ ಹುಡುಗಿಗೆ ಎಂಥಾ ತಾರಕ ಎಂದು ಪಕ್ಕದ ಮನೆಯವರು ಬೆರಗಾಗುತ್ತಿದ್ದರು. ಆ ತಾರಕದಿಂದಲೇ ಕಾಲೇಜು, ಆ ತಾರಕದಿಂದಲೇ ಈ ನೌಕರಿ. ಅಣ್ಣ ಈಗಲೂ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾನೆ, ಬಿಪಿ ಮಾತ್ರೆಯ ವಿಷಯ ಹೇಳುತ್ತಾನೆ, ಮಂಡಿನೋವಿನ ವಿಷಯ ಹೇಳುತ್ತಾನೆ. ಆ ಬಾಗಿಲಿನ ವಿಷಯ ಇಬ್ಬರೂ ಎತ್ತುವುದಿಲ್ಲ.

"ಒಳಗೆ ಬನ್ನಿ ಮೇಡಂ, ಅಲ್ಲೇ ಯಾಕೆ ನಿಂತ್ರಿ?" ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ ಕರೆದರು. ಅವರ ಕೋಣೆಯ ಹೊಸ್ತಿಲಲ್ಲಿ ತಾನು ಎಷ್ಟು ಹೊತ್ತಿನಿಂದ ನಿಂತಿದ್ದೇನೋ ಅವಳಿಗೆ ತಿಳಿಯಲಿಲ್ಲ. ಮೇಜಿನ ಮೇಲೆ ಹೋದ ತಿಂಗಳು ಇಲಾಖೆಯಿಂದ ಬಂದ ಸುತ್ತೋಲೆ ಇತ್ತು: ಶಾಲೆಗಳಲ್ಲಿ ಹಿಂಸಾಚಾರ ತಡೆಯಲು ವಾರಕ್ಕೆ ಮೂರು ದಿನ ಸಮೂಹ ಗಾಯನ, ಜಗಳದಲ್ಲಿ ತೊಡಗಿದ ಎರಡೂ ಪಕ್ಷಗಳನ್ನು ಒಂದೇ ತಂಡದಲ್ಲಿ ಕೂರಿಸತಕ್ಕದ್ದು. ಸುತ್ತೋಲೆಗೆ ಗುಂಡುಸೂಜಿಯಲ್ಲಿ ಸಿಕ್ಕಿಸಿದ್ದ ಹಾಡು ಹೆಡ್‌ಮಾಸ್ಟರು ತಾವೇ ಬರೆದದ್ದು. 'ಒಂದೇ ನಾವು ಒಂದೇ ನಾವು, ಎಂದೆಂದಿಗೂ ಒಂದೇ ನಾವು' ಎಂದು ಶುರುವಾಗಿ ಹದಿನಾರು ಸಾಲು ಒಂದೇ ಆಗಿರುತ್ತಿತ್ತು. "ಸೋಮವಾರ ಹತ್ತೂವರೆಗೆ ಸಾಹೇಬ್ರು ಬರ್ತಾರೆ. ತಂಡ ನೋಡಬೇಕಂತೆ. ಮಕ್ಕಳು ನಗ್ತಾ ಹಾಡಬೇಕು ಮೇಡಂ, ಹೊಟ್ಟೆನೋವು ಬಂದ ಹಾಗೆ ಅಲ್ಲ. ಆ ಕಿವಿ ಹುಡುಗಿ ಮುಂದೆ ಬೇಡ. ಹತ್ತಿ ಇಟ್ಕೊಂಡಿರ್ತಾಳೆ, ಕಾಣುತ್ತೆ." ಅವಳು ಬಾಯಿ ತೆರೆದಳು. ಸಾರ್, ಆ ಹೇಳಿಕೆ ಇದೆಯಲ್ಲ, ಎಂದು ಶುರು ಮಾಡಬೇಕೆಂದು ಬೆಳಿಗ್ಗೆ ಬಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು ಬಂದಿದ್ದಳು. "ಏನಾದ್ರೂ ಬೇಕಿತ್ತಾ?" ಎಂದರು. "ಒಂದು ಜಮಖಾನ ಬೇಕಿತ್ತು ಸಾರ್, ಇರೋದು ಹರಿದಿದೆ" ಎಂದಳು.

ಶನಿವಾರವಾದ್ದರಿಂದ ಹನ್ನೊಂದೂವರೆಗೆ ಉಳಿದ ತರಗತಿಗಳೆಲ್ಲ ಬಿಟ್ಟವು. ಸಂಗೀತದ ಕೋಣೆಯಲ್ಲಿ ಹದಿನಾಲ್ಕು ಹುಡುಗಿಯರು ಎರಡು ಸಾಲಾಗಿ ಕೂತರು. ಮೊದಲ ವಾರ ಇವರು ನಡುವೆ ಒಂದು ಮೇಜು ಹಿಡಿಸುವಷ್ಟು ಜಾಗ ಬಿಟ್ಟು ಕೂರುತ್ತಿದ್ದರು. ಈಗ ಮೊಣಕೈ ತಾಗುತ್ತಿತ್ತು. ಅದು ಹಾಡಿನಿಂದಾಯಿತೋ ಅಭ್ಯಾಸದಿಂದಾಯಿತೋ ಅವಳಿಗೆ ಗೊತ್ತಿರಲಿಲ್ಲ. ಒಮ್ಮೊಮ್ಮೆ, ಉಸಿರು ಸರಿಯಾಗಿ ಒದಗಿದಾಗ, ಹದಿನಾಲ್ಕು ಕಂಠ ಸೇರಿ ಯಾರದ್ದೂ ಅಲ್ಲದ ಒಂದು ದನಿ ಹುಟ್ಟುತ್ತಿತ್ತು. ಆಗ ಹುಡುಗಿಯರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿ, ಮರುಕ್ಷಣವೇ ನಾಚಿ ಹಾಳು ಮಾಡುತ್ತಿದ್ದರು. ಕಡ್ಡಿಯನ್ನು ಹಿಂದಿನ ಸಾಲಿನ ಎಡತುದಿಯಲ್ಲಿ ಕೂರಿಸಿದ್ದಳು, ಕೇಳಿಸುವ ಬಲಗಿವಿ ಉಳಿದವರ ಕಡೆಗಿರಲಿ ಎಂದು. ಅವಳ ಪಕ್ಕದಲ್ಲೇ ಬಾಸ್. ಬೇಕೆಂದು ಮಾಡಿದ್ದಲ್ಲ. ಇಡೀ ತಂಡದಲ್ಲಿ ತಗ್ಗಿನ ಶ್ರುತಿಗೆ ಇಳಿಯುವ ಕಂಠ ಇದ್ದದ್ದು ಅವರಿಬ್ಬರಿಗೇ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಒಂದೇ ಕೊಡದಿಂದ ಸುರಿದ ನೀರಿನ ಹಾಗೆ ಹಾಡುತ್ತಿದ್ದರು.

ಹೆಡ್‌ಮಾಸ್ಟರ ಹದಿನಾರು ಸಾಲುಗಳನ್ನು ಹೇಗೋ ದಾಟಿದರು. ಸಮಸ್ಯೆ ಕೊನೆಯಲ್ಲಿತ್ತು. ಅವಳು ಎತ್ತಿದ ಕೈಯನ್ನು ಮುಷ್ಟಿ ಮಾಡಿದ ಕೂಡಲೇ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಹದಿಮೂರು ಜನ ನಿಲ್ಲಿಸುತ್ತಿದ್ದರು, ಬಾಸ್ ಒಬ್ಬಳು ಅರ್ಧ ಉಸಿರು ಮುಂದಕ್ಕೆ ಎಳೆಯುತ್ತಿದ್ದಳು. "ಶುರು ಮಾಡೋದು ಯಾರಿಗಾದ್ರೂ ಬರುತ್ತೆ, ನಿಲ್ಲಿಸೋದರಲ್ಲಿ ಇರೋದು ಮರ್ಮ" ಎಂದು ಹೇಳಿದಳು. ಇನ್ನೊಂದು ಸಲ. ಬಾಸಿನ ಬಾಲ ಉಳಿಯಿತು. ಇನ್ನೊಂದು ಸಲ. ಮುಂದಿನ ಸಾಲಿನವರು ಕಿಸಕ್ಕೆಂದರು. ಐದನೇ ಸಲಕ್ಕೂ ಅದೇ ಬಾಲ. ಈ ಹುಡುಗಿ ಇಷ್ಟು ಆರಾಮಾಗಿ, ಹೊಳೆಯುವ ಕ್ಲಿಪ್ಪು ಹಾಕಿಕೊಂಡು, ತಾನು ಹೊಡೆದವಳ ಪಕ್ಕದಲ್ಲೇ ಮೊಣಕೈ ತಾಗಿಸಿ ಕೂತು ಹಾಡುತ್ತಿದ್ದಾಳೆ, ನಿದ್ದೆ ಕೆಟ್ಟಿರುವುದು ನನಗೆ.

"ನಿನಗೆ ನಿಲ್ಲಿಸೋಕೇ ಬರಲ್ವೇನೇ?" ಎಂದು ಚೀರಿದಳು. "ನಿಲ್ಲಿಸು ಅಂದಾಗ ಯಾವತ್ತಾದ್ರೂ ನಿಲ್ಲಿಸಿದೀಯಾ ನೀನು?"

ಇದು ಹಾಡಿನ ಮಾತಲ್ಲವೆಂದು ಹದಿನಾಲ್ಕು ಜನಕ್ಕೂ ಗೊತ್ತಾಯಿತು. ಬಾಸ್ ಕೆಳಗೆ ನೋಡಿದಳು. ಜಮಖಾನದ ಹರಿದ ಎಳೆಯೊಂದನ್ನು ಬೆರಳಿಗೆ ಸುತ್ತಿದಳು. ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ.

"ಅವತ್ತು ನಿಲ್ಲಿಸಿದ್ವಿ ಮೇಡಂ."

"ಯಾವತ್ತು?"

"ಅವತ್ತೇ. ಟ್ಯಾಂಕಿನ ಹಿಂದೆ." ಅವಳ ದನಿಯಲ್ಲಿ ಸೊಕ್ಕಿರಲಿಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವವರ ದನಿ ಅದು. "ನಿಮ್ಮ ಹಾರ್ಮೋನಿಯಂ ಪೆಟ್ಟಿಗೆ ನಿಂತು ಹೋಯ್ತಲ್ಲ, ಆಗ ನಾವೂ ನಿಲ್ಲಿಸಿದ್ವಿ. ಮೇಡಂ ಬರ್ತಿದ್ದಾರೆ ಅಂದ್ಕೊಂಡ್ವಿ. ನಾನು ಇವಳ ಜಡೆ ಬಿಟ್ಟಿದ್ದೆ. ಓಡೋಕೆ ಚೀಲಾನೂ ತಗೊಂಡಿದ್ದೆ."

"ಆಮೇಲೆ ಪೆಟ್ಟಿಗೆ ಮತ್ತೆ ಶುರುವಾಯ್ತು" ಎಂದಳು ಮುಂದಿನ ಸಾಲಿನ ಇನ್ನೊಬ್ಬಳು, ಅವತ್ತಿನ ನಾಲ್ವರಲ್ಲಿ ಒಬ್ಬಳು. "ಜೋರಾಗಿ."

ಕಡ್ಡಿ ಮಾತನಾಡುವುದೇ ಅಪರೂಪ. ಅವಳು ಯಾರನ್ನೂ ನೋಡದೆ ಹೇಳಿದಳು: "ಕಿವಿಗೆ ಏಟು ಬಿದ್ದಿದ್ದು ಆಮೇಲೆ."

ಟೀಚರ ಕೈ ಇನ್ನೂ ಗಾಳಿಯಲ್ಲಿ ಮುಷ್ಟಿಯಾಗಿತ್ತು. ಇಳಿಸಿದಳು. ಒಂದು ಸುಳ್ಳು ಆಗಲೇ ಬಂದು ಬಾಯಲ್ಲಿ ಕೂತಿತ್ತು, ಚೆನ್ನಾಗಿ ಮಡಿಸಿಟ್ಟ ಬಟ್ಟೆಯ ಹಾಗೆ: ಸ್ವರ ತಪ್ಪಿತ್ತು ಕಣ್ರೇ, ಅದಕ್ಕೆ ನಿಲ್ಲಿಸಿ ಮತ್ತೆ ಹಿಡಿದೆ. ಇವರು ನಂಬುತ್ತಿದ್ದರು. ನಂಬದಿದ್ದರೂ ಸುಮ್ಮನಿರುತ್ತಿದ್ದರು, ಮಕ್ಕಳಿಗೆ ಅದು ನೀರು ಕುಡಿದಷ್ಟು ಸುಲಭ. ಐದು ವಾರ ಅವಳು ತನ್ನ ಅಪರಾಧವನ್ನು ಒಂದು ಮುಚ್ಚಿದ ಕೋಣೆಯಂತೆ ಅಂದುಕೊಂಡಿದ್ದಳು, ಒಳಗೆ ತಾನೊಬ್ಬಳೇ. ಈಗ ನೋಡಿದರೆ ಹೊರಗೆ ಐದು ಜನ ನಿಂತು ಕಿವಿಗೊಟ್ಟಿದ್ದರು. ತಾನು ಹೊರಗಿನದನ್ನು ಕೇಳಿಸಿಕೊಂಡಷ್ಟೇ ಸ್ಪಷ್ಟವಾಗಿ ಅವರು ತನ್ನನ್ನು ಕೇಳಿಸಿಕೊಂಡಿದ್ದರು. ತಾನು ಹೋಗದೆ ಇದ್ದದ್ದು ಮಾತ್ರವಲ್ಲ, ತಾನು ಹೇಳಿ ಕಳಿಸಿದ್ದಳು: ಯಾರೂ ಬರುವುದಿಲ್ಲ, ನೀವು ಮುಂದುವರಿಸಿ. ಕಡ್ಡಿ ತಲೆಯನ್ನು ಕೊಂಚ ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಅವಳ ಕಡೆ ಇಟ್ಟು ಕಾಯುತ್ತಿದ್ದಳು. ಕೇಳಿಸಿಕೊಳ್ಳಲು ಆ ಹುಡುಗಿ ಈಗ ಪ್ರತಿಸಲವೂ ಅಷ್ಟು ಶ್ರಮಪಡಬೇಕು.

"ನನಗೆ ಕೇಳಿಸಿತ್ತು" ಎಂದಳು. "ಬಾಗಿಲ ತನಕ ಬಂದಿದ್ದೆ. ತೆಗೀಲಿಲ್ಲ. ಹೆದರಿಕೆಯಾಯ್ತು. ಕೇಳಿಸಲಿಲ್ಲ ಅಂತ ಬರೆದುಕೊಟ್ಟೆ."

ಹುಡುಗಿಯರು ಅವಳನ್ನು ನೋಡುತ್ತಿದ್ದ ರೀತಿಯಲ್ಲಿ ತಿರಸ್ಕಾರವಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವರು ಸುಮ್ಮನೆ, ದೊಡ್ಡವರೊಬ್ಬರು ಹೆದರಿಕೆಯಾಯಿತು ಎಂದದ್ದನ್ನು ಮೊದಲ ಸಲ ಕಂಡ ಹಾಗೆ ನೋಡುತ್ತಿದ್ದರು. ಬಾಸಿನ ಮುಖದ ಬಣ್ಣ ಮಾತ್ರ ಇಳಿದಿತ್ತು. "ಹಾಗಾದ್ರೆ ನಮ್ಮನ್ನ ಮತ್ತೆ ಮನೆಗೆ ಕಳಿಸ್ತಾರಾ ಮೇಡಂ? ನಮ್ಮಪ್ಪ ಈ ಸಲ ಸ್ಕೂಲೇ ಬಿಡಿಸ್ತೀನಿ ಅಂದಿದ್ದಾರೆ." ಗೊತ್ತಿಲ್ಲ, ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಇಲ್ಲ ಕಣೇ, ನಾನಿದ್ದೀನಿ, ಎನ್ನಬೇಕೆನಿಸಿತು. ಹಾಗೆನ್ನಲು ಯಾವ ಮುಖ?

ಹಾಡು ನಿಂತದ್ದು ಆಫೀಸಿಗೂ ಗೊತ್ತಾಗಿರಬೇಕು, ಹೆಡ್‌ಮಾಸ್ಟರು ಬಾಗಿಲಲ್ಲಿ ಪ್ರತ್ಯಕ್ಷರಾದರು. "ಏನಿದು, ಎಲ್ಲ ಮೌನವ್ರತವಾ?" ಅವಳು ಎದ್ದು ಹೊರಗೆ ಹೋಗಿ ಕಾರಿಡಾರಿನಲ್ಲೇ ಹೇಳಿದಳು. ಬಸ್ಸಿನಲ್ಲಿ ಜೋಡಿಸಿಕೊಂಡದ್ದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ, ತುಂಡು ತುಂಡಾಗಿ ಹೇಳಿದಳು. ಅವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಸುಸ್ತಾದ ಮನುಷ್ಯ. "ಮೇಡಂ, ಫೈಲು ಮುಚ್ಚಿ ಮೇಲಕ್ಕೆ ಕಳಿಸಿ ಆಗಿದೆ. ಈಗ ಮತ್ತೆ ತೆಗೆದ್ರೆ ನಿಮ್ಮ ಕೆಲಸಕ್ಕೂ ಕುತ್ತು, ನನ್ನ ಕುತ್ತಿಗೆಗೂ ಕುತ್ತು. ಹುಡುಗಿ ಕಿವಿ ವಾಪಸು ಬರುತ್ತಾ? ಹಾಡಿಸಿ. ಸೋಮವಾರ ಕಳೀಲಿ." ಹೋಗುವಾಗ ತಿರುಗಿ, ದನಿ ತಗ್ಗಿಸಿ ಸೇರಿಸಿದರು: "ಮಕ್ಕಳ ಮುಂದೆ ಇದನ್ನೆಲ್ಲ ಹೇಳಿಬಿಟ್ಟಿಲ್ಲ ತಾನೆ?"

ಅವಳು ಒಳಗೆ ಬಂದು, ಹೋಗಿ, ಸಾಕು ಇವತ್ತಿಗೆ, ಎಂದಳು. ಹುಡುಗಿಯರು ಚೀಲ ಹೆಗಲಿಗೇರಿಸಿ, ಎಂದಿನ ಗದ್ದಲವಿಲ್ಲದೆ ಹೊರಟರು. ಕಡ್ಡಿ ಉಳಿದಳು. ಹಾರ್ಮೋನಿಯಂ ಮುಚ್ಚುವುದನ್ನು, ಅದರ ಮೇಲೆ ಬಟ್ಟೆ ಹೊದಿಸುವುದನ್ನು ನೋಡುತ್ತ ನಿಂತಿದ್ದಳು.

"ಅಮ್ಮನಿಗೆ ಹೇಳ್ತೀರಾ?" ಎಂದು ಕೇಳಿದಳು.

"ಹೇಳ್ತೀನಿ. ಸೋಮವಾರ ಕರ್ಕೊಂಡು ಬಾ."

"ಇವತ್ತು ಅಮ್ಮ ಎರಡು ಗಂಟೆಗೇ ಮನೆಗೆ ಬರ್ತಾರೆ."

ಬಸ್ಸಿಳಿದು ಇಬ್ಬರೂ ನಡೆದರು. ವರ್ಕ್‌ಶಾಪುಗಳ ಸಾಲು, ವೆಲ್ಡಿಂಗಿನ ಕಿಡಿ, ಫುಟ್‌ಪಾತಿನ ಮೇಲೆ ಬಿಚ್ಚಿಹಾಕಿದ ಸ್ಕೂಟರುಗಳು. ಏನಾದರೂ ಮಾತಾಡಬೇಕೆಂದು, ಗಣಿತ ಕಷ್ಟವಾ, ಎಂದು ಕೇಳಿದಳು. ಉತ್ತರ ಬರಲಿಲ್ಲ. ಮತ್ತೆ ಕೇಳಿದಳು. ಸಿಟ್ಟಾಗಿದ್ದಾಳೆ ಎಂದುಕೊಂಡಳು, ಆಗಲಿ ಬಿಡು ಎಂದುಕೊಂಡಳು. ಆಮೇಲೆ ತಾನು ಅವಳ ಎಡಗಡೆ ನಡೆಯುತ್ತಿದ್ದೇನೆಂದು ಹೊಳೆದು, ಅಲ್ಲೇ ನಿಂತು, ಹಿಂದಿನಿಂದ ಸುತ್ತಿ ಬಲಗಡೆಗೆ ಬಂದಳು. ಮೂರನೆಯ ಸಲ ಕೇಳುವ ಧೈರ್ಯವಾಗಲಿಲ್ಲ.

ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಮಂಚದ ಕೆಳಗೆ ಪೆಟ್ಟಿಗೆಗಳು, ಒಲೆಯ ಪಕ್ಕದಲ್ಲೇ ಪುಸ್ತಕದ ಕಪಾಟು. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಆಗಷ್ಟೇ ಬಂದಿದ್ದಳು, ಮುಂಗೈಯ ಮೇಲೆ ಹಳೆಯ ಸುಟ್ಟ ಗೆರೆಗಳಿದ್ದವು. ಸಂಗೀತದ ಟೀಚರೆಂದು ಕೇಳಿದ್ದೇ ಗಾಬರಿಯಿಂದ ಕುರ್ಚಿಯ ಮೇಲಿನ ಬಟ್ಟೆ ಎತ್ತಿ, ಸೆರಗಿನಿಂದ ಒರೆಸಿ, "ಕೂತ್ಕೊಳ್ಳಿ ಮೇಡಂ. ಮತ್ತೆ ಏನು ಮಾಡಿದ್ಲು ಇವಳು?" ಎಂದಳು.

"ಇವಳು ಏನೂ ಮಾಡಿಲ್ಲ" ಎಂದಳು. ಕೂರಲಿಲ್ಲ. ನಿಂತೇ ಹೇಳಿದಳು. ಈ ಸಲ ಬೇಗ ಮುಗಿಯಿತು. ಬೆಳಗಿನಿಂದ ಮೂರನೆಯ ಬಾರಿ ಹೇಳುತ್ತಿದ್ದುದರಿಂದ ವಾಕ್ಯಗಳು ನಯವಾಗತೊಡಗಿದ್ದವು, ಅದು ಅವಳಿಗೆ ಅಸಹ್ಯವೆನಿಸಿತು. ತಾಯಿ ಕೂಗಾಡಬಹುದು, ಕೈಯೆತ್ತಲೂಬಹುದು. ಎತ್ತಲಿ ಎಂದು ಮೈ ಬಿಗಿ ಹಿಡಿದು ಕಾದಳು.

ತಾಯಿ ಮಂಚದ ಅಂಚಿನ ಮೇಲೆ ಕೂತಳು. ಮಗಳನ್ನು ನೋಡಿದಳು.

"ಇವಳು ಮೊದಲನೇ ದಿನವೇ ಹೇಳಿದ್ಲು" ಎಂದಳು. "ನಾನು ಹೊಡೀಲಿಲ್ಲಮ್ಮ, ಅವರೇ ಹೊಡೆದ್ರು, ಪಕ್ಕದ ರೂಮಲ್ಲಿ ಮೇಡಂ ಇದ್ರು ಅಂತ. ನಾನು ಸ್ಕೂಲಿಗೆ ಬಂದೆ. ಅವರು ಕಾಗದ ತೋರಿಸಿದ್ರು. ಮೇಡಂ ಬರೆದುಕೊಟ್ಟಿದ್ದಾರೆ, ಏನೂ ಸದ್ದೇ ಆಗಿಲ್ಲ ಅಂದ್ರು. ಓದಿದವರು, ಪಾಠ ಹೇಳೋರು, ಅವರು ಯಾಕೆ ಸುಳ್ಳು ಬರೀತಾರೆ? ಸುಳ್ಳಿ ಅಂತ ಇವಳಿಗೇ ಹೊಡೆದೆ. ಕಿವೀಲಿ ಬ್ಯಾಂಡೇಜು ಇತ್ತು, ಆದ್ರೂ ಹೊಡೆದೆ."

ಕಡ್ಡಿ ಗೋಡೆಗೊರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದಳು. ಕ್ಷಮಿಸಿ ಎನ್ನುವ ಪದ ಟೀಚರ ಬಾಯಿಗೆ ಬಂದು, ಈ ಕೋಣೆಯಲ್ಲಿ ಅದನ್ನು ಇಡಲು ಜಾಗ ಕಾಣದೆ ಹಾಗೇ ಉಳಿಯಿತು.

"ಬರೆದುಕೊಡಿ" ಎಂದಳು ತಾಯಿ.

"ಏನು?"

"ಅವತ್ತು ಬರೆದುಕೊಟ್ರಲ್ಲ, ಹಾಗೆ. ಈಗ ಹೇಳಿದ್ದನ್ನ ಬರೆದು ಸಹಿ ಹಾಕಿ ಕೊಡಿ. ಸೋಮವಾರ ದೊಡ್ಡ ಸಾಹೇಬ್ರು ಬರ್ತಾರಂತಲ್ಲ. ನಾನೂ ಬರ್ತೀನಿ."

ಮಗಳು ನೋಟ್‌ಬುಕ್ಕಿನ ಮಧ್ಯದ ಹಾಳೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ಇಷ್ಟು ಹೊತ್ತು ನಿಂತಿದ್ದ ಅವಳು ಈಗ ಕೂತಳು. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆದಳು. ನೌಕರಿಯ ಯೋಚನೆ ಬಂತು, ಗಣಿತದ ಮೇಷ್ಟ್ರ ನಗು ಬಂತು, ಬಾಸಿನ ಬಣ್ಣವಿಳಿದ ಮುಖ ಬಂದು ಅಲ್ಲಿ ಮಾತ್ರ ಪೆನ್ನು ನಿಂತಿತು. ಆ ಹುಡುಗಿ ಜಡೆ ಬಿಟ್ಟಿದ್ದಳು ಎಂಬುದನ್ನೂ ಬರೆದಳು. ಓಡಲು ಚೀಲ ತೆಗೆದುಕೊಂಡಿದ್ದಳು ಎಂಬುದನ್ನೂ ಬರೆದಳು. ಒಂದೂಮುಕ್ಕಾಲು ಪುಟವಾಯಿತು. ತಾಯಿಯ ಕೈಗೆ ಕೊಟ್ಟಳು. ತಾಯಿ ಹಾಳೆಯನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ನೋಡಿ ಮಗಳಿಗೆ ದಾಟಿಸಿದಳು. "ನನಗೆ ಓದೋಕೆ ಬರಲ್ಲ. ನೀನು ಓದು."

ಹುಡುಗಿ ಓದಿದಳು. ಒಂದು ಕಿವಿ ಹೋದ ಮೇಲೆ ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುತ್ತಿರಲಿಲ್ಲವೇನೋ, ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ, ಪೂರ್ಣವಿರಾಮ ಬಂದಲ್ಲೆಲ್ಲ ನಿಲ್ಲುತ್ತ ಓದಿದಳು. ಹೊರಗೆ ಮೆಟ್ಟಿಲಿಳಿಯುತ್ತಿದ್ದ ಯಾರದ್ದೋ ಹೆಜ್ಜೆ ನಿಂತಿತು. ಎದುರುಮನೆಯ ಹೆಂಗಸು ಬಕೆಟ್ಟು ಕೆಳಗಿಟ್ಟು ಬಾಗಿಲಿಗೆ ಬಂದಳು. ಮೆಲ್ಲಗೆ ಓದು ಎನ್ನಲು ಟೀಚರ ತುಟಿ ಅಲುಗಿತು, ಅನ್ನಲಿಲ್ಲ. ಸಹಿಯ ತನಕ ಓದಿ, ಅವಳ ಹೆಸರನ್ನೂ ಓದಿ, ಹುಡುಗಿ ತಲೆಯೆತ್ತಿದಳು.

ತಾಯಿ ಸೆರಗಿನ ಚುಂಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು.

"ಇನ್ನೊಂದು ಸಲ ಓದು" ಎಂದಳು. "ಮೊದಲಿಂದ."